ಓಪನ್ ಸೋರ್ಸ್‌ನಲ್ಲಿ ಚಿಕ್ಕ ಡಾಕ್ಸ್ ಬದಲಾವಣೆಗಳನ್ನು ರಿವ್ಯೂ ಮಾಡುವುದು ಹೇಗೆ: ಹಂತ ಹಂತವಾಗಿ

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓಪನ್ ಸೋರ್ಸ್ ಶುರು ಮಾಡಬೇಕು ಅನ್ನುವವರಿಗೆ ಸಿಗುವ ಮೊದಲ ಸಲಹೆ ಸಾಮಾನ್ಯವಾಗಿ ಒಂದೇ: ಡಾಕ್ಸ್‌ನಲ್ಲಿ, ಅಂದರೆ ತಂತ್ರಾಂಶವನ್ನು ಬಳಸುವುದು ಹೇಗೆ ಅಂತ ವಿವರಿಸುವ ಬರಹದಲ್ಲಿ, ಒಂದು ತಪ್ಪು ಹುಡುಕಿ, ತಿದ್ದಿ, ಪುಲ್ ರಿಕ್ವೆಸ್ಟ್ (ಪಿಆರ್, ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಕಳಿಸಿ. ಒಳ್ಳೆಯ ಸಲಹೆ. ಆದರೆ ಹಾಗೆ ಬಂದ ಪಿಆರ್ ಅನ್ನು ಆ ಕಡೆ ಕೂತು ಯಾರಾದರೂ ನೋಡಬೇಕಲ್ವಾ? ಆ ಕೆಲಸವನ್ನು ಹೇಳಿಕೊಡುವವರು ಕಡಿಮೆ. ಮೂರು ಸಾಲಿನ ಬದಲಾವಣೆ ತಾನೇ ಅಂತ ಕೆಲವರು ಓದದೆ ಮರ್ಜ್ ಮಾಡುತ್ತಾರೆ, ಅಂದರೆ ಪ್ರಾಜೆಕ್ಟ್‌ಗೆ ಸೇರಿಸಿಬಿಡುತ್ತಾರೆ. ಇನ್ನು ಕೆಲವರು ಇದು ಸಣ್ಣದು, ಆಮೇಲೆ ನೋಡೋಣ ಅಂತ ತಿಂಗಳುಗಟ್ಟಲೆ ಬಿಟ್ಟುಬಿಡುತ್ತಾರೆ. ಎರಡರಿಂದಲೂ ಪ್ರಾಜೆಕ್ಟ್‌ಗೆ ನಷ್ಟ.

ನನ್ನ ಪ್ರಕಾರ ಚಿಕ್ಕ ಡಾಕ್ಸ್ ಬದಲಾವಣೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಬರೆದಿರುವುದು ನಿಜವಾ? ಭಾಷೆ ಚೆನ್ನಾಗಿದೆಯಾ, ಅಲ್ಪವಿರಾಮ ಸರಿಯಾಗಿದೆಯಾ ಅನ್ನುವುದೆಲ್ಲ ಅದಾದ ಮೇಲೆ. ಕೋಡ್‌ನಲ್ಲಿ ತಪ್ಪಿದ್ದರೆ ಟೆಸ್ಟ್ ಹಿಡಿಯುತ್ತದೆ, ಕಂಪೈಲರ್ ಕೂಗುತ್ತದೆ. ಡಾಕ್ಸ್‌ನಲ್ಲಿ ತಪ್ಪಿದ್ದರೆ ಯಾವ ಯಂತ್ರವೂ ಹೇಳುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಇನ್‌ಸ್ಟಾಲ್ ಮಾಡಲು ಕೂತ ಯಾರೋ ಒಬ್ಬರು ಒದ್ದಾಡುತ್ತಾರೆ, ಅಷ್ಟೇ.

ಯಾರು ರಿವ್ಯೂ ಮಾಡಬಹುದು

ಯಾರು ಬೇಕಾದರೂ ಮಾಡಬಹುದು. ಇದಕ್ಕೆ ಮೇಂಟೇನರ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಆಗಿರಬೇಕಿಲ್ಲ. ಪ್ರಾಜೆಕ್ಟ್‌ಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಪ್ರಾಜೆಕ್ಟ್ ಪಬ್ಲಿಕ್ ಆಗಿದ್ದು, ಮೇಂಟೇನರ್‌ಗಳು ಬೇಕಂತಲೇ ತಡೆದಿಲ್ಲದಿದ್ದರೆ, ಅಕೌಂಟ್ ಇರುವ ಯಾರಾದರೂ ಪಿಆರ್ ತೆರೆದು ಸಾಲಿನ ಮೇಲೆ ಕಾಮೆಂಟ್ ಹಾಕಬಹುದು, ಅಪ್ರೂವ್ ಕೂಡ ಒತ್ತಬಹುದು. ಬರೆಯುವ ಹಕ್ಕು ಇಲ್ಲದವರ ಅಪ್ರೂವಲ್‌ಗೆ ಹಸಿರು ಟಿಕ್ ಬರುವುದಿಲ್ಲ, ಬೂದು ಬಣ್ಣದ್ದು ಬರುತ್ತದೆ. ಕಡ್ಡಾಯ ಅಪ್ರೂವಲ್‌ಗಳ ಲೆಕ್ಕಕ್ಕೂ ಅದು ಸೇರುವುದಿಲ್ಲ. ಪರವಾಗಿಲ್ಲ. "ಈ ಕಮಾಂಡ್ ಅನ್ನು ಹೊಸ ಉಬುಂಟು ಕಂಟೇನರ್‌ನಲ್ಲಿ ಓಡಿಸಿ ನೋಡಿದೆ, ಹೇಳಿದಂತೆಯೇ ಕೆಲಸ ಮಾಡುತ್ತದೆ" ಅಂತ (ಕಂಟೇನರ್ ಅಂದರೆ ಕಂಪ್ಯೂಟರ್‌ನ ಒಳಗೇ ಪ್ರತ್ಯೇಕವಾಗಿ ಶುರುವಾಗುವ ಹೊಸ ವಾತಾವರಣ) ಯಾರಾದರೂ ಒಂದು ಸಾಲು ಬರೆದರೆ ಮೇಂಟೇನರ್‌ಗೆ ಅರ್ಧ ಗಂಟೆ ಉಳಿಯುತ್ತದೆ. ನೀವು ದಿನಾ ಬಳಸುವ ತಂತ್ರಾಂಶದಲ್ಲೇ ಶುರು ಮಾಡಿ. ಅದರ ಡಾಕ್ಸ್ ಎಲ್ಲಿ ಎಡವಿಸುತ್ತದೆ ಅನ್ನುವುದು ನಿಮಗೆ ಆಗಲೇ ಗೊತ್ತಿರುತ್ತದೆ.

ಹಂತ 1: ಯಾವ ಥರದ ಬದಲಾವಣೆ ಅಂತ ಗುರುತಿಸಿ

ಡಿಫ್ (ಹಳೆಯ, ಹೊಸ ಸಾಲುಗಳ ವ್ಯತ್ಯಾಸ ತೋರಿಸುವ ಪುಟ) ತೆರೆಯುವ ಮುಂಚೆ ಪಿಆರ್‌ನ ಶೀರ್ಷಿಕೆ, ವಿವರಣೆ ಓದಿ. ಕಳಿಸಿದವರು ಏನು ಸರಿ ಮಾಡಲು ಹೊರಟಿದ್ದಾರೆ ಅಂತ ಒಂದೇ ವಾಕ್ಯದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಹೇಳಲು ಆಗದಿದ್ದರೆ ಅದನ್ನೇ ಮೊದಲು ಕೇಳಬೇಕು.

ಚಿಕ್ಕ ಬದಲಾವಣೆಗಳು ಹೆಚ್ಚುಕಡಿಮೆ ಐದು ಥರ: ಅಕ್ಷರ ತಪ್ಪು, ಮುರಿದ ಲಿಂಕ್, ಕಮಾಂಡ್ ಅಥವಾ ಅಂಕಿ, ಫಾರ್ಮ್ಯಾಟಿಂಗ್, ಮತ್ತು ಇದ್ದ ವಾಕ್ಯವನ್ನೇ ಬೇರೆ ರೀತಿ ಬರೆದದ್ದು. ಮೊದಲನೆಯದಕ್ಕೆ ಎರಡು ನಿಮಿಷ ಸಾಕು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುವಾಗ ಮೊಬೈಲ್‌ನಲ್ಲೇ ನೋಡಿ ಮುಗಿಸಬಹುದು. ಕಮಾಂಡ್ ಅಥವಾ ಅಂಕಿ ಬದಲಾಗಿದ್ದರೆ ಮಾತ್ರ ದಯವಿಟ್ಟು ಮೊಬೈಲ್‌ನಲ್ಲಿ ಅಪ್ರೂವ್ ಒತ್ತಬೇಡಿ, ಮನೆಗೆ ಹೋಗಿ ಲ್ಯಾಪ್‌ಟಾಪ್ ತೆಗೆಯಿರಿ. ಬದಲಾದದ್ದು ಒಂದೇ ಅಕ್ಷರ ಇರಬಹುದು, ಆದರೆ ಅದನ್ನು ಓಡಿಸಿ ನೋಡದೆ ಸರಿ ಅನ್ನಲು ಬರುವುದಿಲ್ಲ.

ಹಂತ 2: ತಿದ್ದಬೇಕಾದ ಫೈಲ್ ಇದೇನಾ?

ತಿದ್ದುಪಡಿ ಸರಿಯಾಗಿಯೇ ಇರುತ್ತದೆ, ಆದರೆ ತಪ್ಪು ಜಾಗದಲ್ಲಿ. ಬಹಳ ಪ್ರಾಜೆಕ್ಟ್‌ಗಳಲ್ಲಿ ಡಾಕ್ಸ್‌ನ ಒಂದು ಭಾಗವನ್ನು ಕೋಡ್‌ನ ಒಳಗಿನ ಕಾಮೆಂಟ್‌ಗಳಿಂದ ಸ್ಕ್ರಿಪ್ಟ್ ತಾನೇ ತಯಾರು ಮಾಡುತ್ತದೆ. ಅಂಥ ಫೈಲ್‌ನಲ್ಲಿ ನೇರವಾಗಿ ತಿದ್ದಿದರೆ ಮುಂದಿನ ಬಿಲ್ಡ್‌ನಲ್ಲಿ, ಅಂದರೆ ಡಾಕ್ಸ್ ಮತ್ತೆ ತಯಾರಾದಾಗ, ಅಳಿಸಿಹೋಗುತ್ತದೆ. ಫೈಲ್‌ನ ಮೇಲ್ಭಾಗದಲ್ಲಿ "ಇದನ್ನು ಕೈಯಿಂದ ತಿದ್ದಬೇಡಿ" ಅಂತ ಎಷ್ಟೋ ಸಲ ಬರೆದಿರುತ್ತದೆ, ಆದರೆ ಡಿಫ್ ತೋರಿಸುವುದು ಬದಲಾದ ಸಾಲಿನ ಸುತ್ತಮುತ್ತ ಮಾತ್ರ. ಹಾಗಾಗಿ ಇಡೀ ಫೈಲ್ ಒಮ್ಮೆ ತೆರೆದು ನೋಡಿ.

ಇನ್ನೂ ಕೆಲವು ಫೈಲ್‌ಗಳನ್ನು ಮುಟ್ಟಬಾರದು. ಲೈಸೆನ್ಸ್‌ನ ಪಠ್ಯ ಕಾನೂನಿನ ಪಠ್ಯ, ಅದರಲ್ಲಿ ವ್ಯಾಕರಣ ಸರಿ ಮಾಡುವ ಹಾಗಿಲ್ಲ. ಬೇರೆ ಪ್ರಾಜೆಕ್ಟ್‌ನಿಂದ ಹಾಗೇ ತಂದಿಟ್ಟುಕೊಂಡ ಫೈಲ್ ಆದರೆ ತಿದ್ದುಪಡಿ ಮೂಲ ಪ್ರಾಜೆಕ್ಟ್‌ಗೆ ಹೋಗಬೇಕು. ಅನುವಾದಗಳನ್ನು ವೆಬ್ಲೇಟ್‌ನಂಥ ಅನುವಾದದ ತಾಣದಲ್ಲಿ ನಡೆಸುವ ಪ್ರಾಜೆಕ್ಟ್ ಆದರೆ ಅನುವಾದದ ಫೈಲ್‌ಗೆ ನೇರ ಪಿಆರ್ ಕಳಿಸಿದರೆ ಎರಡೂ ಕಡೆ ಗೊಂದಲ.

ಆಮೇಲೆ, ಕೆಲವು ತಪ್ಪುಗಳನ್ನು ತಿದ್ದಲೇಬಾರದು. ಯಾವ ಪುಟದಿಂದ ಬಂದದ್ದು ಅಂತ ಸರ್ವರ್‌ಗೆ ಹೇಳಲು ಬ್ರೌಸರ್ ಕಳಿಸುವ ರೆಫರರ್ ಅನ್ನುವ ಎಚ್‌ಟಿಟಿಪಿ ಹೆಡರ್ ಇದಕ್ಕೆ ಒಳ್ಳೆ ಉದಾಹರಣೆ. ಇಂಗ್ಲಿಷ್‌ನಲ್ಲಿ ನಡುವೆ ಎರಡು ಆರ್ ಇರಬೇಕಾದ ಕಡೆ ಆ ಹೆಡರ್‌ನ ಹೆಸರಿನಲ್ಲಿ ಒಂದೇ ಇದೆ. 1996ರಲ್ಲಿ ಬಂದ ಆರ್‌ಎಫ್‌ಸಿ 1945 ಅನ್ನುವ ಇಂಟರ್‌ನೆಟ್ ನಿಯಮಗಳ ದಾಖಲೆಯಲ್ಲಿ ಹಾಗೆಯೇ ಅಚ್ಚಾಗಿ, ಜಗತ್ತಿನ ಎಲ್ಲಾ ಬ್ರೌಸರ್, ಸರ್ವರ್‌ಗಳು ಆ ತಪ್ಪು ಸ್ಪೆಲಿಂಗ್ ಅನ್ನೇ ಬಳಸುತ್ತಿವೆ. ಡಾಕ್ಸ್‌ನಲ್ಲಿ ಅದನ್ನು "ಸರಿ" ಮಾಡಿದರೆ ನಕಲು ಮಾಡಿಕೊಂಡವರ ಕೋಡ್ ಕೆಲಸ ಮಾಡುವುದಿಲ್ಲ. ಯುನಿಕ್ಸ್‌ನ ಕ್ರಿಯೇಟ್ ಸಿಸ್ಟಮ್ ಕಾಲ್‌ನ ಹೆಸರಿನಲ್ಲಿ ಕೊನೆಯ ಇ ಇಲ್ಲ, ಅದೂ ಇದೇ ಕಥೆ. ನಿಮ್ಮದೇ ಪ್ರಾಜೆಕ್ಟ್‌ನಲ್ಲೂ ಇಂಥವು ಇರುತ್ತವೆ. ಪ್ರೋಗ್ರಾಂ ತೋರಿಸುವ ಎರರ್ ಮೆಸೇಜ್‌ನಲ್ಲೇ ಸ್ಪೆಲಿಂಗ್ ತಪ್ಪಿದ್ದು, ಡಾಕ್ಸ್‌ನಲ್ಲಿ ಅದನ್ನು ಹಾಗೆಯೇ ಉಲ್ಲೇಖಿಸಿದ್ದರೆ, ಡಾಕ್ಸ್ ಮಾತ್ರ ತಿದ್ದಿದರೆ ಆ ಮೆಸೇಜ್ ಕಾಪಿ ಮಾಡಿ ಹುಡುಕುವವರಿಗೆ ಉತ್ತರವೇ ಸಿಗುವುದಿಲ್ಲ. ಮೊದಲು ಕೋಡ್, ಆಮೇಲೆ ಡಾಕ್ಸ್.

ಹಂತ 3: ಡಿಫ್ ಅನ್ನು ಸರಿಯಾಗಿ ಓದಿ

ಒಂದು ಪದ ತಿದ್ದಿದ್ದೇವೆ ಅಂತ ಹೇಳುವ ಪಿಆರ್‌ನಲ್ಲಿ ನಾನ್ನೂರು ಸಾಲು ಕೆಂಪು, ನಾನ್ನೂರು ಸಾಲು ಹಸಿರು ಕಂಡರೆ ಗಾಬರಿ ಬೇಡ. ಬಹುತೇಕ ಸಲ ಎಡಿಟರ್ ತಾನಾಗಿ ಇಡೀ ಫೈಲ್ ಅನ್ನು ಫಾರ್ಮ್ಯಾಟ್ ಮಾಡಿರುತ್ತದೆ, ಇಲ್ಲವೇ ವಿಂಡೋಸ್‌ನಲ್ಲಿ ಸಾಲಿನ ಕೊನೆಯ ಗುರುತು ಬದಲಾಗಿರುತ್ತದೆ. ಗಿಟ್‌ಹಬ್‌ನ ಡಿಫ್ ಪುಟದಲ್ಲಿ ವೈಟ್‌ಸ್ಪೇಸ್ (ಖಾಲಿ ಜಾಗದ ಬದಲಾವಣೆ) ಮುಚ್ಚಿಡುವ ಆಯ್ಕೆ ಇದೆ, ಅದನ್ನು ಒತ್ತಿದರೆ ನಿಜವಾದ ಬದಲಾವಣೆ ಮಾತ್ರ ಉಳಿಯುತ್ತದೆ. ಆದರೆ ಹಾಗೆ ನೋಡಿ ಅಪ್ರೂವ್ ಮಾಡಿಬಿಡಬೇಡಿ. ಆ ನಾನ್ನೂರು ಸಾಲು ಫೈಲ್‌ನ ಇತಿಹಾಸದಲ್ಲಿ ಉಳಿದರೆ, ಮುಂದೆ ಯಾವ ಸಾಲು ಯಾರು ಯಾಕೆ ಬರೆದರು ಅಂತ ಹುಡುಕುವವರಿಗೆಲ್ಲ ಕಾಟ. ಬರೀ ಆ ಒಂದು ಪದ ಬದಲಿಸಿ ಮತ್ತೆ ಕಳಿಸಲು ಕೇಳಿ, ಹೇಗೆ ಮಾಡಬೇಕು ಅಂತಲೂ ಹೇಳಿ.

ಉದ್ದ ಪ್ಯಾರಾಗಳಲ್ಲಿ ಸಾಲು ಸಾಲಾಗಿ ತೋರಿಸುವ ಡಿಫ್‌ನಿಂದ ಉಪಯೋಗ ಕಡಿಮೆ. ಕಂಪ್ಯೂಟರ್‌ಗೆ ಇಳಿಸಿಕೊಂಡು ಗಿಟ್ ಡಿಫ್‌ಗೆ ವರ್ಡ್-ಡಿಫ್ ಆಯ್ಕೆ ಕೊಟ್ಟರೆ ಪದ ಪದವಾಗಿ ತೋರಿಸುತ್ತದೆ. ಇಳಿಸಿಕೊಳ್ಳುವುದು ಸುಲಭ. ಗಿಟ್‌ಹಬ್‌ನ ಜಿಎಚ್ ಅನ್ನುವ ಕಮಾಂಡ್-ಲೈನ್ ಸಾಧನ ಇದ್ದರೆ ಅದರಲ್ಲಿ ಪಿಆರ್ ಚೆಕ್‌ಔಟ್ ಅಂತ ಹೊಡೆದು ಸಂಖ್ಯೆ ಕೊಟ್ಟರೆ ಸಾಕು. ಮಾರ್ಕ್‌ಡೌನ್ (ಸರಳ ಗುರುತುಗಳಿಂದ ಫಾರ್ಮ್ಯಾಟ್ ಮಾಡುವ ರೀತಿ) ಫೈಲ್ ಆದರೆ ಗಿಟ್‌ಹಬ್‌ನ ರಿಚ್ ಡಿಫ್ ಕೂಡ ನೋಡಿ, ಓದುಗರಿಗೆ ಹೇಗೆ ಕಾಣುತ್ತದೋ ಹಾಗೆ ತೋರಿಸುತ್ತದೆ.

ಈಗ ಎಚ್ಚರಿಕೆಯ ವಿಷಯ. ಡಾಕ್ಸ್ ಪಿಆರ್ ಅಂತ ಬಂದದ್ದರಲ್ಲಿ ಡಾಕ್ಸ್ ಮಾತ್ರವೇ ಬದಲಾಗಿದೆಯಾ ಅಂತ ಫೈಲ್‌ಗಳ ಪಟ್ಟಿ ಪೂರ್ತಿ ನೋಡಿ. ಸಿಐನ (ಬದಲಾವಣೆಗಳನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ವರ್ಕ್‌ಫ್ಲೋ ಫೈಲ್, ಬಳಸುವ ಪ್ಯಾಕೇಜ್‌ಗಳ ಆವೃತ್ತಿ ಹೇಳುವ ಲಾಕ್ ಫೈಲ್, ಬಿಲ್ಡ್ ಸ್ಕ್ರಿಪ್ಟ್ ಇವುಗಳಲ್ಲಿ ಏನಾದರೂ ಸೇರಿಕೊಂಡಿದ್ದರೆ ಅದು ಇನ್ನು ಚಿಕ್ಕ ಡಾಕ್ಸ್ ಬದಲಾವಣೆ ಅಲ್ಲ, ಬೇರೆ ಕಣ್ಣಿನಿಂದ ನೋಡಬೇಕು. ಇನ್‌ಸ್ಟಾಲ್ ಮಾಡುವ ಸಾಲಿನಲ್ಲಿ ಪ್ಯಾಕೇಜ್ ಹೆಸರು ಒಂದು ಅಕ್ಷರ ಬದಲಾಗಿದ್ದರೆ ಇನ್ನೂ ಜಾಸ್ತಿ ಹುಷಾರು. ಹೆಚ್ಚುಕಡಿಮೆ ಅದೇ ಹೆಸರಿನ ಕೆಟ್ಟ ಪ್ಯಾಕೇಜ್ ಹಾಕಿ ಕಾಯುವವರಿದ್ದಾರೆ. ಡೌನ್‌ಲೋಡ್ ಲಿಂಕ್ ಬೇರೆ ಡೊಮೇನ್‌ಗೆ ಹೋಗುತ್ತಿದ್ದರೂ ಅಷ್ಟೇ. ಕಣ್ಣಿಗೆ ಕಾಣದ ಅಕ್ಷರಗಳಿಂದ ಪಠ್ಯದ ದಿಕ್ಕನ್ನೇ ಬದಲಿಸಿ ಮೋಸ ಮಾಡುವ ದಾರಿಯನ್ನು 2021ರಲ್ಲಿ ಸಂಶೋಧಕರು ಟ್ರೋಜನ್ ಸೋರ್ಸ್ ಅನ್ನುವ ಹೆಸರಿನಲ್ಲಿ ಬಯಲಿಗೆ ತಂದರು. ಅಂಥ ಅಕ್ಷರಗಳಿದ್ದರೆ ಈಗ ಗಿಟ್‌ಹಬ್ ಫೈಲ್‌ನ ಮೇಲೆ ಎಚ್ಚರಿಕೆ ತೋರಿಸುತ್ತದೆ. ಅದನ್ನು ಕಡೆಗಣಿಸಬೇಡಿ.

ಹಂತ 4: ಬರೆದಿರುವುದು ನಿಜವಾ ಅಂತ ನೋಡಿ

ಇದೇ ಮುಖ್ಯ ಹಂತ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಕನ್ನಂಬಾಡಿ ಕಟ್ಟೆಯ ದಿನದ ಅಂಕಿಗಳನ್ನು ಓದಿ ಟೇಬಲ್ ಮಾಡಿಕೊಡುವ ಒಂದು ಪುಟ್ಟ ಸ್ಕ್ರಿಪ್ಟ್ ಇದೆ ಅಂದುಕೊಳ್ಳಿ. ಅದರ ರೀಡ್‌ಮಿಯಲ್ಲಿ (ಪ್ರಾಜೆಕ್ಟ್‌ನ ಪರಿಚಯದ ಫೈಲ್) ನಾಲ್ಕು ಕಾಲಮ್‌ಗಳ ವಿವರ ಇದೆ: ನೀರಿನ ಮಟ್ಟ ಅಡಿಗಳಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಮತ್ತು ಹೊರಹರಿವು ಕ್ಯೂಸೆಕ್‌ನಲ್ಲಿ. ಹೊರಗಿನಿಂದ ಯಾರೋ ಒಂದು ಪಿಆರ್ ಕಳಿಸುತ್ತಾರೆ. ಅದರಲ್ಲಿ ಎರಡು ಬದಲಾವಣೆ: ಒಂದು ಕಡೆ ಸ್ಪೆಲಿಂಗ್ ಸರಿ ಮಾಡಿದ್ದಾರೆ, ಇನ್ನೊಂದು ಕಡೆ "ಎಲ್ಲಾ ಕಡೆ ಒಂದೇ ಅಳತೆ ಇರಲಿ" ಅಂತ ಒಳಹರಿವಿನ ಮುಂದೆಯೂ ಟಿಎಂಸಿ ಅಂತ ಹಾಕಿದ್ದಾರೆ. ಡಿಫ್ ನೋಡಲು ಅಚ್ಚುಕಟ್ಟಾಗಿದೆ. ಸಿಐ ಹಸಿರು. ಸ್ಪೆಲ್‌ಚೆಕ್‌ಗೂ ತಕರಾರಿಲ್ಲ.

ಮಂಡ್ಯದ ಕಡೆಯವರಾದರೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಟಿಎಂಸಿ ಅಂದರೆ ಎಷ್ಟು ನೀರು ಇದೆ ಅನ್ನುವ ಲೆಕ್ಕ, ನೂರು ಕೋಟಿ ಘನ ಅಡಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತಿದೆ ಅನ್ನುವ ಲೆಕ್ಕ. ಕಟ್ಟೆ 124.80 ಅಡಿಗೆ ತುಂಬಿದಾಗ ಅದರಲ್ಲಿರುವುದೇ ಸುಮಾರು 49.45 ಟಿಎಂಸಿ. ಟೇಬಲ್‌ನ ಒಳಹರಿವು ಕಾಲಮ್‌ನಲ್ಲಿ 15,000 ಅಂತ ಇದ್ದು, ರೀಡ್‌ಮಿ ಅದನ್ನು ಟಿಎಂಸಿ ಅಂದರೆ ಏನರ್ಥ? 15,000 ಕ್ಯೂಸೆಕ್ ಇಡೀ ದಿನ ಹರಿದರೂ ಒಳಗೆ ಬರುವುದು ಹೆಚ್ಚುಕಡಿಮೆ 1.3 ಟಿಎಂಸಿ ಅಷ್ಟೇ. ಈ ರೀಡ್‌ಮಿ ನಂಬಿಕೊಂಡು ಯಾರಾದರೂ ಗ್ರಾಫ್ ಮಾಡಿದರೆ ಪೂರ್ತಿ ತಪ್ಪು ಗ್ರಾಫ್.

ಆದರೆ "ನನಗೆ ಗೊತ್ತಿದೆ, ಇದು ತಪ್ಪು" ಅಂತ ಅಲ್ಲಿಗೇ ನಿಲ್ಲಬಾರದು. ಕೋಡ್ ತೆರೆಯಿರಿ. ಒಳಹರಿವಿನ ಕಾಲಮ್ ಎಲ್ಲಿ ಓದುತ್ತಿದೆ, ಓದಿದ ಮೇಲೆ ಯಾವುದಾದರೂ ಭಾಗಾಕಾರ, ಗುಣಾಕಾರ ಆಗುತ್ತಿದೆಯಾ ನೋಡಿ. ಎಲ್ಲೋ ಒಂದು ಕಡೆ ದಿನದ ಒಟ್ಟು ಲೆಕ್ಕ ಹಾಕಿ ಟಿಎಂಸಿಗೆ ಬದಲಿಸಿದ್ದರೆ ಪಿಆರ್ ಕಳಿಸಿದವರೇ ಸರಿ, ಹಳೆಯ ರೀಡ್‌ಮಿಯೇ ತಪ್ಪು. ಸ್ಕ್ರಿಪ್ಟ್ ಓಡಿಸಿ, ಬಂದ ಸಂಖ್ಯೆಯನ್ನು ಅವತ್ತಿನ ಪತ್ರಿಕೆಯಲ್ಲಿ ಬಂದ ಅಂಕಿಯ ಪಕ್ಕ ಇಟ್ಟು ನೋಡಿ. ಆಗ ನಿಮ್ಮ ಕಾಮೆಂಟ್‌ಗೆ ಬಲ ಬರುತ್ತದೆ: "ಸ್ಪೆಲಿಂಗ್ ತಿದ್ದಿದ್ದು ಸರಿ ಇದೆ, ಧನ್ಯವಾದ. ಒಳಹರಿವನ್ನು ಸ್ಕ್ರಿಪ್ಟ್ ಹಾಗೇ ಕ್ಯೂಸೆಕ್‌ನಲ್ಲೇ ಕೊಡುತ್ತದೆ, ಓಡಿಸಿ ನೋಡಿದೆ. ಹಾಗಾಗಿ ಎರಡನೇ ಬದಲಾವಣೆ ಬೇಡ. ಎರಡು ಅಳತೆ ಯಾಕೆ ಅಂತ ಓದುವವರಿಗೆ ಗೊಂದಲ ಆಗುತ್ತದೆ ಅನ್ನುವುದು ನಿಜ, ಅದನ್ನು ಒಂದು ಸಾಲಿನಲ್ಲಿ ವಿವರಿಸೋಣವೇ?" ಆ ಕೊನೆಯ ವಾಕ್ಯ ನೋಡಿ. ಕಳಿಸಿದವರಿಗೆ ಗೊಂದಲ ಆಗಿದೆ ಅಂದರೆ ಡಾಕ್ಸ್‌ನಲ್ಲಿ ಏನೋ ಕೊರತೆ ಇದೆ ಅಂತಲೇ ಅರ್ಥ. ಅವರ ತಿದ್ದುಪಡಿ ತಪ್ಪಿದ್ದರೂ ಅವರು ಎಡವಿದ ಜಾಗ ನಿಜ. ಒಳ್ಳೆಯ ರಿವ್ಯೂ ಆ ಜಾಗವನ್ನು ಬಿಡುವುದಿಲ್ಲ.

ಬೇರೆ ಥರದ ಬದಲಾವಣೆಗಳಿಗೂ ಇದೇ ದಾರಿ. ಕಮಾಂಡ್ ಬದಲಾಗಿದ್ದರೆ ಹೊಸ ಕಂಟೇನರ್‌ನಲ್ಲೋ ಬೇರೆ ಯೂಸರ್ ಅಕೌಂಟ್‌ನಲ್ಲೋ ಓಡಿಸಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇಕಾದ್ದೆಲ್ಲ ಆಗಲೇ ಇನ್‌ಸ್ಟಾಲ್ ಆಗಿರುತ್ತದೆ, ಅಲ್ಲಿ ಓಡಿದರೆ ಹೊಸಬರ ಬಳಿ ಓಡುತ್ತದೆ ಅಂತೇನಿಲ್ಲ. ಡಾಕ್ಸ್‌ನಿಂದಲೇ ಕಾಪಿ ಮಾಡಿ ಅಂಟಿಸಿ, ಕೈಯಿಂದ ಟೈಪ್ ಮಾಡಬೇಡಿ. ನೇರ ಉದ್ಧರಣ ಚಿಹ್ನೆ ಇರಬೇಕಾದ ಕಡೆ ಬಾಗಿದ ಚಿಹ್ನೆ ಸೇರಿದ್ದರೆ, ಎರಡು ಹೈಫನ್ ಸೇರಿ ಒಂದು ಉದ್ದ ಗೆರೆ ಆಗಿದ್ದರೆ, ಅಂಟಿಸಿದಾಗ ಮಾತ್ರ ಸಿಕ್ಕಿಬೀಳುತ್ತದೆ. ಆಯ್ಕೆಗಳ ಹೆಸರನ್ನು ಪ್ರೋಗ್ರಾಂನ ಹೆಲ್ಪ್ ಜೊತೆ ಹೋಲಿಸಿ. ಯಾವ ಆವೃತ್ತಿಯಿಂದ ಈ ಆಯ್ಕೆ ಇದೆ ಅನ್ನುವುದನ್ನೂ ನೋಡಿ.

ಲಿಂಕ್ ಬದಲಾಗಿದ್ದರೆ ತೆರೆದು ನೋಡಿದರೆ ಸಾಲದು, ಆ ಪುಟದಲ್ಲಿ ನಾವು ಹೇಳಿದ ವಿಷಯ ಇದೆಯಾ ಅಂತ ಓದಿ. ಸತ್ತ ಲಿಂಕ್ ಹುಡುಕಲು ಲೈಚಿಯಂಥ ಸಾಧನಗಳಿವೆ, ಆದರೆ ಪುಟ ತೆರೆಯುತ್ತದೆಯಾ ಅನ್ನುವುದನ್ನಷ್ಟೇ ಅವು ಹೇಳುತ್ತವೆ. ಇನ್ನು ಹೆಡ್ಡಿಂಗ್. ಹೆಡ್ಡಿಂಗ್‌ನ ಒಂದು ಪದ ಬದಲಿಸಿದರೂ ಅದರಿಂದ ತಯಾರಾಗುವ ಆಂಕರ್ (ಆ ಭಾಗದ ನೇರ ವಿಳಾಸ) ಬದಲಾಗುತ್ತದೆ, ಬೇರೆ ಪುಟಗಳಿಂದ ಆ ಭಾಗಕ್ಕೆ ಕೊಟ್ಟ ಲಿಂಕ್‌ಗಳು ಗುರಿ ತಪ್ಪುತ್ತವೆ. ಹೆಡ್ಡಿಂಗ್ ಮುಟ್ಟಿದ ಪಿಆರ್ ಬಂದರೆ ಹಳೆಯ ಆಂಕರ್ ಅನ್ನು ಇಡೀ ರೆಪೊದಲ್ಲಿ (ಪ್ರಾಜೆಕ್ಟ್‌ನ ಎಲ್ಲ ಫೈಲ್‌ಗಳ ಸಂಗ್ರಹ) ಹುಡುಕುವುದು ಅಭ್ಯಾಸ ಆಗಬೇಕು.

ಹಂತ 5: ಬಿಲ್ಡ್ ಮಾಡಿ ಕಣ್ಣಿಂದ ನೋಡಿ

ಪಿಆರ್‌ಗೆ ಪ್ರಿವ್ಯೂ ಸಿಗುವ ವ್ಯವಸ್ಥೆ ಇದ್ದರೆ, ಉದಾಹರಣೆಗೆ ರೀಡ್ ದ ಡಾಕ್ಸ್ ಅಥವಾ ನೆಟ್ಲಿಫೈ, ಅದನ್ನೇ ತೆರೆಯಿರಿ. ಇಲ್ಲದಿದ್ದರೆ ನಿಮ್ಮಲ್ಲೇ ಬಿಲ್ಡ್ ಮಾಡಿ, ಆದರೆ ಡಿಫ್ ಪೂರ್ತಿ ಓದಿದ ಮೇಲೆ. ಡಾಕ್ಸ್ ತಯಾರಿಸುವ ಸ್ಫಿಂಕ್ಸ್ ಅನ್ನುವ ಸಾಧನದ ಕಾನ್ಫಿಗ್ ಫೈಲ್ ಅಸಲಿ ಪೈಥಾನ್ ಕೋಡ್, ಬಿಲ್ಡ್ ಮಾಡಿದರೆ ಅದು ನಿಮ್ಮ ಯಂತ್ರದಲ್ಲಿ ಓಡುತ್ತದೆ.

ನೋಡಬೇಕಾದ್ದು ಸ್ವಲ್ಪವೇ. ಡಾಕ್ಸ್ ತಯಾರಿಸಲು ಎಂಕೆಡಾಕ್ಸ್ ಬಳಸುವ ಪ್ರಾಜೆಕ್ಟ್ ಆದರೆ ಪಟ್ಟಿಗೆ ಮುಂಚೆ ಖಾಲಿ ಸಾಲು ಬೇಕು, ಒಳಪಟ್ಟಿಗೆ ನಾಲ್ಕು ಸ್ಪೇಸ್ ಬೇಕು. ಗಿಟ್‌ಹಬ್‌ನಲ್ಲಿ ಸರಿಯಾಗಿ ಕಂಡದ್ದು ಅಲ್ಲಿ ಒಂದೇ ಪ್ಯಾರಾ ಆಗಿ ಅಂಟಿಕೊಳ್ಳಬಹುದು. ಸ್ಫಿಂಕ್ಸ್‌ನಲ್ಲಿ ಬಳಸುವ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಫೈಲ್ ಆದರೆ ಹೆಡ್ಡಿಂಗ್‌ನ ಕೆಳಗಿನ ಗೆರೆ ಹೆಡ್ಡಿಂಗ್‌ನಷ್ಟಾದರೂ ಉದ್ದ ಇರಬೇಕು, ಕೋಡ್‌ಗೆ ಎರಡೆರಡು ಬ್ಯಾಕ್‌ಟಿಕ್ (ಹಿಂದಕ್ಕೆ ಓರೆಯಾದ ಚಿಹ್ನೆ) ಬೇಕು. ಮಾರ್ಕ್‌ಡೌನ್ ರೂಢಿಯಾದವರು ಒಂದೊಂದೇ ಹಾಕುತ್ತಾರೆ, ಇದನ್ನು ಪದೇ ಪದೇ ಹೇಳಬೇಕಾಗುತ್ತದೆ. ಬೇಸರ ಮಾಡಿಕೊಳ್ಳದೆ ಹೇಳಿ.

ಹಂತ 6: ಕನ್ನಡದ ಡಾಕ್ಸ್ ಆದರೆ

ಕನ್ನಡದಲ್ಲಿ ಡಾಕ್ಸ್ ಬರೆಯುವವರು ಹೆಚ್ಚಾಗಬೇಕು ಅಂತ ನನಗೆ ಬಹಳ ಆಸೆ. ಹಾಗಾಗಿ ಅದನ್ನು ರಿವ್ಯೂ ಮಾಡಲು ಬರುವವರೂ ಬೇಕು. ಇಲ್ಲಿ ಕೆಲವು ವಿಷಯ ಇಂಗ್ಲಿಷ್ ಡಾಕ್ಸ್‌ನಲ್ಲಿ ಬರುವುದೇ ಇಲ್ಲ.

ಹಳೆಯ ಸಾಲು, ಹೊಸ ಸಾಲು ಎರಡೂ ಕಣ್ಣಿಗೆ ಒಂದೇ ಥರ ಕಂಡರೂ ಡಿಫ್ ಬದಲಾವಣೆ ಅಂತ ತೋರಿಸಬಹುದು. ಒ, ಓ ಸ್ವರಗಳ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡಾಗಿಯೂ ಬರೆಯಬಹುದು. ಕೀಬೋರ್ಡ್ ಬದಲಾದರೆ ಇದೂ ಬದಲಾಗಬಹುದು. ಪ್ರಾಜೆಕ್ಟ್‌ನಲ್ಲಿ ಒಂದೇ ಸಂಕೇತದ ರೂಪ, ಎನ್‌ಎಫ್‌ಸಿ ಅನ್ನುತ್ತಾರೆ, ಅದನ್ನು ಬಳಸಲು ಕೇಳಿ. ಇಲ್ಲದಿದ್ದರೆ ಹುಡುಕಿದಾಗ ಪದ ಸಿಗುವುದಿಲ್ಲ.

"ಸಾಫ್ಟ್‌ವೇರ್" ಅಂತ ಬರೆಯುವಾಗ ಟ್ ಆದ ಮೇಲೆ ಕಾಣದ ಒಂದು ಅಕ್ಷರ ಇರುತ್ತದೆ, ಝಡ್‌ಡಬ್ಲ್ಯೂಎನ್‌ಜೆ. ಅದನ್ನು ಯಾವುದೋ ಸಾಧನ ಕಸ ಅಂತ ಅಳಿಸಿದರೆ "ಸಾಫ್ಟ್ವೇರ್" ಆಗುತ್ತದೆ, ವ ಒತ್ತಕ್ಷರವಾಗಿ ಕೆಳಗೆ ಹೋಗುತ್ತದೆ. "ಕಾಣದ ಅಕ್ಷರಗಳನ್ನು ಸ್ವಚ್ಛ ಮಾಡಿದ್ದೇನೆ" ಅನ್ನುವ ಪಿಆರ್ ಬಂದರೆ ಕನ್ನಡ ಫೈಲ್‌ಗಳಲ್ಲಿ ಇದನ್ನು ತಪ್ಪದೆ ನೋಡಿ. ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ, ಯುನಿಕೋಡ್ ಅಲ್ಲದ ರೀತಿಯಲ್ಲಿ ಟೈಪ್ ಮಾಡಿದ ಪಠ್ಯ ಬಂದರೆ ಬರೀ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪರಿವರ್ತಿಸಿ ಕಳಿಸಲು ಹೇಳಿ.

ಫೈಲ್ ಹೆಸರೇ ಕನ್ನಡದಲ್ಲಿದ್ದರೆ ಗಿಟ್ ಅದನ್ನು ಬರೀ ಸಂಖ್ಯೆಗಳಾಗಿ ತೋರಿಸುತ್ತದೆ. ಕಾನ್ಫಿಗ್‌ನಲ್ಲಿ ಕೋರ್ ವಿಭಾಗದ ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿದರೆ ಸರಿಯಾಗಿ ಕಾಣುತ್ತದೆ. ಭಾಷೆಯ ವಿಷಯಕ್ಕೆ ಬಂದರೆ, ಮೆನುವಿನಲ್ಲಿ "ಉಳಿಸಿ" ಅಂತ ಇದ್ದರೆ ಡಾಕ್ಸ್‌ನಲ್ಲೂ "ಉಳಿಸಿ" ಅಂತಲೇ ಇರಬೇಕು. ನನಗೆ ಯಾವ ಪದ ಇಷ್ಟ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಹಂತ 7: ಕಾಮೆಂಟ್ ಬರೆಯಿರಿ

ಚಿಕ್ಕ ಪಿಆರ್‌ಗೆ ಎಷ್ಟು ಸುತ್ತು ಕಾಮೆಂಟ್? ಆದಷ್ಟು ಒಂದೇ. ಇವತ್ತು ಒಂದು, ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು ಅಂತ ಹೇಳಿದರೆ ಎಂಥವರಿಗೂ ಸಾಕಾಗುತ್ತದೆ. ಪೂರ್ತಿ ಓದಿ, ಎಲ್ಲವನ್ನೂ ಒಟ್ಟಿಗೆ ಬರೆದು, ಒಂದೇ ರಿವ್ಯೂ ಆಗಿ ಕಳಿಸಿ.

ತಿದ್ದುವುದು ಒಂದೆರಡು ಪದ ಆದರೆ ಏನು ಮಾಡಬೇಕು ಅಂತ ವಿವರಿಸುವ ಬದಲು ಗಿಟ್‌ಹಬ್‌ನ ಸಜೆಶನ್ ಬಳಸಿ. ನೀವು ಬರೆದದ್ದನ್ನು ಅವರು ಒಂದು ಬಟನ್ ಒತ್ತಿ ಸೇರಿಸಿಕೊಳ್ಳುತ್ತಾರೆ, ಕೆಲಸದಲ್ಲಿ ಇಬ್ಬರ ಹೆಸರೂ ಉಳಿಯುತ್ತದೆ. ಯಾವುದು ಆಗಲೇಬೇಕು, ಯಾವುದು ನಿಮ್ಮ ಅಭಿಪ್ರಾಯ ಮಾತ್ರ ಅನ್ನುವುದನ್ನು ಪ್ರತಿ ಕಾಮೆಂಟ್‌ನಲ್ಲೂ ಬಿಡಿಸಿ ಹೇಳಿ. "ಇದು ತಡೆಯುವಂಥದ್ದಲ್ಲ, ಬೇಕಾದರೆ ಮಾಡಿ" ಅಂತ ನಾಲ್ಕು ಪದ ಸೇರಿಸಿದರೆ ಎಷ್ಟೋ ಗೊಂದಲ ತಪ್ಪುತ್ತದೆ.

ಅವರು ಮುಟ್ಟದ ಸಾಲುಗಳಲ್ಲಿ ತಪ್ಪು ಕಂಡರೆ ಅದನ್ನು ಅವರ ತಲೆಗೆ ಕಟ್ಟಬೇಡಿ. ಬೇರೆ ಇಶ್ಯೂ (ತಪ್ಪನ್ನು ದಾಖಲಿಸುವ ಟಿಪ್ಪಣಿ) ಬರೆಯಿರಿ. ಒಂದು ಸ್ಪೆಲಿಂಗ್ ತಿದ್ದಲು ಬಂದವರಿಗೆ "ಈ ಪುಟವನ್ನೇ ಪೂರ್ತಿ ಬರೆದುಬಿಡಿ" ಅಂದರೆ ಅವರು ಮತ್ತೆ ಬರುವುದಿಲ್ಲ.

ನಮ್ಮ ಕಡೆಯ ವಿದ್ಯಾರ್ಥಿಗಳು "ಸರ್ ಪ್ಲೀಸ್ ಚೆಕ್ ಮಾಡಿ", "ಮೇಡಂ ಮರ್ಜ್ ಮಾಡಿ" ಅಂತ ಪದೇ ಪದೇ ಬರೆಯುವುದುಂಟು. ಕಾಲೇಜಿನಲ್ಲಿ ಹಾಗೇ ರೂಢಿ, ಅವರನ್ನು ಬೈಯಬೇಡಿ. ಹೆಸರು ಹಿಡಿದು, ನೀವು ಅಂತಲೇ ಮಾತಾಡಿಸಿ. ಯಾವಾಗ ನೋಡುತ್ತೇವೆ ಅಂತ ದಿನ ಹೇಳಿ, ಆ ದಿನ ನೋಡಿ. ನೋಡಲು ಆಗದಿದ್ದರೆ ಅದನ್ನೂ ಹೇಳಿ. ಮೊದಲ ಪಿಆರ್‌ಗೆ ಎರಡು ದಿನದಲ್ಲಿ ಉತ್ತರ ಸಿಕ್ಕವರ ಉತ್ಸಾಹ ನೋಡಿದವರಿಗೆ ಇದು ಯಾಕೆ ಮುಖ್ಯ ಅಂತ ಹೇಳಬೇಕಾಗಿಲ್ಲ.

ಹಂತ 8: ಬೇಡ ಅನ್ನಬೇಕಾದಾಗ

ಎಲ್ಲವನ್ನೂ ತೆಗೆದುಕೊಳ್ಳಬೇಕಿಲ್ಲ. ಬ್ರಿಟಿಷ್ ಸ್ಪೆಲಿಂಗ್ ಅನ್ನು ಅಮೆರಿಕನ್ ಮಾಡಿದ್ದು, ಸರಿಯಾಗಿದ್ದ ವಾಕ್ಯವನ್ನು ಇನ್ನೊಂದು ಸರಿಯಾದ ವಾಕ್ಯ ಮಾಡಿದ್ದು, ಇವುಗಳಿಂದ ಓದುಗರಿಗೆ ಏನೂ ಸಿಗುವುದಿಲ್ಲ. ಪ್ರಾಜೆಕ್ಟ್‌ಗೆ ಶೈಲಿ ಕೈಪಿಡಿ ಇದ್ದರೆ ಅದರ ಸಾಲು ತೋರಿಸಿ, ಇಲ್ಲದಿದ್ದರೆ "ಎರಡೂ ಸರಿ, ಇದ್ದದ್ದೇ ಇರಲಿ" ಅಂತ ಹೇಳಿ ಮುಚ್ಚಿ.

2020ರ ಹ್ಯಾಕ್ಟೋಬರ್‌ಫೆಸ್ಟ್, ಅಂದರೆ ಅಕ್ಟೋಬರ್‌ನಲ್ಲಿ ಪಿಆರ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಕಾರ್ಯಕ್ರಮ, ನೆನಪಿರಬಹುದು. ಟೀ ಶರ್ಟ್ ಆಸೆಗೆ ರೀಡ್‌ಮಿಗಳಲ್ಲಿ ಸುಮ್ನೆ ಒಂದೊಂದು ಪದ ಸೇರಿಸಿದ ಪಿಆರ್‌ಗಳು ರಾಶಿ ರಾಶಿಯಾಗಿ ಬಂದವು, ಮೇಂಟೇನರ್‌ಗಳು ಬೇಸತ್ತರು, ಆ ತಿಂಗಳೇ ನಿಯಮ ಬದಲಾಗಿ ಒಪ್ಪಿಕೊಂಡ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ ಬಂದವು. ಈಗ ಎಐನಿಂದ ಬರೆಸಿ, ತಾವೇ ಓದದೆ ಕಳಿಸುವವರೂ ಇದ್ದಾರೆ. ಯಾರು ಬರೆದರು ಅಂತ ಪತ್ತೆ ಮಾಡಲು ಹೋಗಬೇಡಿ, ಅದರಿಂದ ಜಗಳ ಅಷ್ಟೇ. "ಈ ಕಮಾಂಡ್ ಯಾವ ಆವೃತ್ತಿಯಲ್ಲಿ ಓಡಿಸಿ ನೋಡಿದಿರಿ?" ಅಂತ ಕೇಳಿ. ನಿಜವಾಗಿ ಕೆಲಸ ಮಾಡಿದವರು ಉತ್ತರಿಸುತ್ತಾರೆ. ಉಳಿದವರಿಂದ ಸಾಮಾನ್ಯವಾಗಿ ಉತ್ತರವೇ ಬರುವುದಿಲ್ಲ, ಸ್ವಲ್ಪ ದಿನ ಕಾದು ಮುಚ್ಚಬಹುದು.

ಹಂತ 9: ಮರ್ಜ್ ಮತ್ತು ಅದರ ನಂತರ

ಮೊದಲ ಸಲ ಕಳಿಸುವವರ ಪಿಆರ್‌ನಲ್ಲಿ ಸಿಐ ತಾನಾಗಿ ಓಡದೆ ನಿಂತಿರಬಹುದು. ಸಿಐ ಯಂತ್ರಗಳಲ್ಲಿ ಕ್ರಿಪ್ಟೊ ಮೈನಿಂಗ್ ಮಾಡುವವರು ಹೆಚ್ಚಾದ ಮೇಲೆ 2021ರಲ್ಲಿ ಗಿಟ್‌ಹಬ್ ಈ ತಡೆ ತಂದಿತು. ಡಿಫ್ ಓದಿದ ಮೇಲೆಯೇ ಅನುಮತಿ ಕೊಡಿ. ಲಿನಕ್ಸ್ ಕರ್ನಲ್‌ನಂತೆ ಇದನ್ನು ಕಳಿಸುವ ಹಕ್ಕು ನನಗಿದೆ ಅಂತ ಹೇಳುವ ಸೈನ್ಡ್-ಆಫ್-ಬೈ ಸಾಲು ಕೇಳುವ ಪ್ರಾಜೆಕ್ಟ್ ಆದರೆ ಡಾಕ್ಸ್ ಬದಲಾವಣೆಗೂ ಅದು ಬೇಕು. "ಫಿಕ್ಸ್", "ಅಪ್ಡೇಟ್ 2" ಅಂತ ನಾಲ್ಕು ಕಮಿಟ್ (ದಾಖಲಿಸಿದ ಬದಲಾವಣೆ) ಇದ್ದರೆ ಸ್ಕ್ವಾಷ್ ಮಾಡಿ, ಅಂದರೆ ಒಂದಾಗಿ ಸೇರಿಸಿ, ಕಮಿಟ್ ಸಂದೇಶ ಎಲ್ಲಿ ಏನು ಸರಿಯಾಯಿತು ಅಂತ ಹೇಳಲಿ. "ರೀಡ್‌ಮಿ ಅಪ್ಡೇಟ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಡಾಕ್ಸ್: ಒಳಹರಿವಿನ ಅಳತೆ ವಿವರಿಸಿದ್ದು" ಅಂದರೆ ತಿಳಿಯುತ್ತದೆ.

ಮರ್ಜ್ ಆಯಿತು ಅಂತ ಎದ್ದು ಹೋಗಬೇಡಿ, ಇನ್ನೆರಡು ಕೆಲಸ ಇದೆ. ಅದೇ ತಪ್ಪು ರೆಪೊದಲ್ಲಿ ಬೇರೆ ಕಡೆಯೂ ಇದೆಯಾ ಅಂತ ಹುಡುಕಿ. ಇದ್ದರೆ ಇಶ್ಯೂ ಬರೆದು ಹೊಸಬರಿಗೆ ಸೂಕ್ತ ಅಂತ ಸೂಚಿಸುವ ಗುಡ್ ಫಸ್ಟ್ ಇಶ್ಯೂ ಲೇಬಲ್ ಹಾಕಿ, ಈಗ ಪಿಆರ್ ಕಳಿಸಿದವರನ್ನೇ ಮೊದಲು ಕೇಳಿ. ಇನ್ನೊಂದು, ಪ್ರಕಟವಾದ ಡಾಕ್ಸ್ ತೆರೆದು ನೋಡಿ. ಆವೃತ್ತಿಗೊಂದು ಡಾಕ್ಸ್ ಇಡುವ ಪ್ರಾಜೆಕ್ಟ್‌ಗಳಲ್ಲಿ ಮೇನ್ ಬ್ರಾಂಚ್‌ಗೆ (ಪ್ರಾಜೆಕ್ಟ್‌ನ ಮುಖ್ಯ ಕವಲು) ಹೋದ ತಿದ್ದುಪಡಿ "ಲೇಟೆಸ್ಟ್" ಪುಟಕ್ಕೆ ಮಾತ್ರ ಬರುತ್ತದೆ, ಹೆಚ್ಚು ಜನ ಓದುವ "ಸ್ಟೇಬಲ್" ಪುಟದಲ್ಲಿ ಮುಂದಿನ ಬಿಡುಗಡೆವರೆಗೂ ಹಳೆಯ ತಪ್ಪೇ ಇರುತ್ತದೆ. ಇನ್‌ಸ್ಟಾಲ್ ಮಾಡುವ ಕಮಾಂಡ್‌ನಂಥ ವಿಷಯ ಆದರೆ ಅದನ್ನು ಬಿಡುಗಡೆಯ ಬ್ರಾಂಚ್‌ಗೂ ಚೆರ್ರಿ-ಪಿಕ್ ಮಾಡಿ, ಅಂದರೆ ಆ ಒಂದು ಬದಲಾವಣೆಯನ್ನು ಅಲ್ಲಿಗೂ ಸೇರಿಸಿ, ಆ ಪುಟ ಬದಲಾದದ್ದನ್ನು ನೋಡಿದ ಮೇಲೆ ಇಶ್ಯೂ ಮುಚ್ಚಿ.